ಕೀಬೋರ್ಡ್ ಒಳಗೇ ಪವರ್ ಸಪ್ಲೈ ಕೂರಿಸುವುದು: ಅಳತೆಯಿಂದ ಕೊನೆಯ ಬೆಸುಗೆವರೆಗೆ

ಕಾರ್ಯಕ್ರಮಕ್ಕೆ ಹೊರಟಾಗ ಅಡಾಪ್ಟರ್ ಮನೆಯಲ್ಲೇ ಉಳಿಯುತ್ತದೆ. ಇಲ್ಲವೇ ಪಿನ್ ಬುಡದಲ್ಲಿ ವೈರ್ ಮುರಿದು, ಹಾಡಿನ ನಡುವೆಯೇ ಕೀಬೋರ್ಡ್ ಆರಿಹೋಗುತ್ತದೆ. ಹಾಗಾಗಿ ಪವರ್ ಸಪ್ಲೈಯನ್ನು ಒಳಗೇ ಕೂರಿಸಿ, ಟೇಪ್ ರೆಕಾರ್ಡರಿಗೆ ಹಾಕುವಂಥ ಮಾಮೂಲಿ ವೈರ್ ಚುಚ್ಚಿದರೆ ಸಾಕು ಎನ್ನುವಂತೆ ಮಾಡಿಕೊಳ್ಳಲು ಹಲವರು ಹೊರಡುತ್ತಾರೆ. ಹಾಗೆ ಹೊರಟು ಕೆಟ್ಟ ಕೀಬೋರ್ಡ್‌ಗಳು ನನ್ನ ಮೇಜಿಗೆ ಬಂದಾಗಲೆಲ್ಲ ಅದೇ ಮೂರು ತಪ್ಪು ಕಾಣುತ್ತೇನೆ. ಪ್ಲಸ್-ಮೈನಸ್ ಅಳೆಯದೆ ಜೋಡಿಸಿರುತ್ತಾರೆ. ಅಗ್ಗದ ಅಡಾಪ್ಟರಿನ ಚಿಪ್ಪು ಒಡೆದು, ಒಳಗಿನ ಬೋರ್ಡನ್ನು ಬರಿಮೈಯಲ್ಲಿ ಅಂಟಿಸಿರುತ್ತಾರೆ. ಬ್ಯಾಟರಿ ಬಾಕ್ಸಿನ ವೈರನ್ನು ಹಾಗೇ ಬಿಟ್ಟಿರುತ್ತಾರೆ. ಬೆಸುಗೆ ಬಾರದೆ ಕೆಟ್ಟದ್ದು ಕಡಿಮೆ, ಅನುಕ್ರಮ ತಪ್ಪಿ ಕೆಟ್ಟದ್ದೇ ಹೆಚ್ಚು.

ಆ ಅನುಕ್ರಮದ ತಿರುಳು ಇಷ್ಟು: ಹೊಸ ಪವರ್ ಸಪ್ಲೈ ಒಂಟಿಯಾಗಿ ಒಂದು ಗಂಟೆ ಲೋಡ್ ಹೊತ್ತು, ಸರಿಯಾದ ವೋಲ್ಟೇಜ್ ಕೊಟ್ಟು, ಸುಡದೆ ನಿಂತದ್ದನ್ನು ಕಣ್ಣಾರೆ ನೋಡುವ ತನಕ ಅದರ ಒಂದು ತಂತಿಯೂ ಕೀಬೋರ್ಡಿನ ಬೋರ್ಡಿಗೆ ತಾಗಬಾರದು.

## ಕೈಹಾಕುವ ಮುನ್ನ

ಅಡಾಪ್ಟರ್ ಹೊರಗಿರುವಾಗ ಕೀಬೋರ್ಡಿನೊಳಗೆ ಹರಿಯುವುದು 9 ಅಥವಾ 12 ವೋಲ್ಟ್ ಮಾತ್ರ. ಈ ಕೆಲಸ ಮುಗಿದ ಮೇಲೆ ಅದೇ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ 230 ವೋಲ್ಟ್ ಮೇನ್ಸ್ ಇರುತ್ತದೆ. ಎಸ್‌ಎಂಪಿಎಸ್ (ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲದ, ಈಗಿನ ಹಗುರ ಪವರ್ ಸಪ್ಲೈ) ಬೋರ್ಡಿನಲ್ಲಿ ಆ 230 ವೋಲ್ಟ್ ಡಿಸಿಯಾಗಿ ಸುಮಾರು 325 ವೋಲ್ಟಿಗೆ ಏರಿ ದೊಡ್ಡ ಕೆಪಾಸಿಟರಿನಲ್ಲಿ ಕೂರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಮನೆಯ ಸ್ವಿಚ್ ಬೋರ್ಡಿನಲ್ಲೂ ಕೆಲಸ ಮಾಡಿ ಅಭ್ಯಾಸವಿಲ್ಲದವರು ಕೆಳಗೆ ಹೇಳುವ ಮೊದಲ ದಾರಿಯನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಡಿ. ಎರಡನೇ ದಾರಿ ಹಿಡಿಯುವವರು ಮೇನ್ಸ್ ಭಾಗವನ್ನು ಕರೆಂಟ್ ಹಾಕುವ ಮೊದಲೇ ಅನುಭವವಿರುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ.

ವಾರಂಟಿ ಇರುವ ಕೀಬೋರ್ಡನ್ನು ಮುಟ್ಟಬೇಡಿ. ಶಾಲೆಯ ಅಥವಾ ಸಂಗೀತ ತರಗತಿಯ ಕೀಬೋರ್ಡಿಗೂ ಎರಡನೇ ದಾರಿ ಬೇಡ. ಅಲ್ಲಿ ಅದನ್ನು ಯಾವ ಮಗು ಯಾವಾಗ ಬೀಳಿಸುತ್ತದೆ, ಯಾವಾಗ ನೀರು ಚೆಲ್ಲುತ್ತದೆ ಎಂದು ಹೇಳಲಾಗದು.

## ಬೇಕಾಗುವ ಸಾಮಾನು

ಮಲ್ಟಿಮೀಟರ್, 25 ಅಥವಾ 40 ವ್ಯಾಟಿನ ಸೋಲ್ಡರಿಂಗ್ ಐರನ್, ಉದ್ದ ಕತ್ತಿನ ಸ್ಟಾರ್ ಸ್ಕ್ರೂಡ್ರೈವರ್, ಸಣ್ಣ ಅರ, ಡ್ರಿಲ್, ಹೀಟ್ ಶ್ರಿಂಕ್ ಸ್ಲೀವ್, ಕೇಬಲ್ ಟೈ. ಇವಿಷ್ಟು ಎಲ್ಲರಲ್ಲೂ ಇರುತ್ತವೆ. ಇಲ್ಲದೆ ಕೆಲಸ ಶುರು ಮಾಡಬಾರದ ಎರಡು ವಸ್ತು ಬೇರೆಯೇ ಇವೆ.

ಒಂದು, ಸೀರೀಸ್ ಬೋರ್ಡ್. ರಿಪೇರಿ ಅಂಗಡಿಗಳಲ್ಲಿ ನೋಡಿರುತ್ತೀರಿ: ಸಾಕೆಟ್‌ಗೆ ಹೋಗುವ ಫೇಸ್ ತಂತಿಯ ನಡುವೆ 60 ವ್ಯಾಟಿನ ಹಳೇ ಕಾಲದ ತಂತು ಬಲ್ಬ್ ಇರುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಇನ್ನೊಂದು, 10 ಓಮ್, 25 ವ್ಯಾಟಿನ ರೆಸಿಸ್ಟರ್. 12 ವೋಲ್ಟ್ ಸಪ್ಲೈಗೆ ಇದನ್ನು ಜೋಡಿಸಿದರೆ 1.2 ಆಂಪಿಯರ್ ಎಳೆಯುತ್ತದೆ, 9 ವೋಲ್ಟಿಗೆ 0.9 ಆಂಪಿಯರ್. ಕೀಬೋರ್ಡಿನ ಬದಲು ಪರೀಕ್ಷೆಗೆ ನಿಲ್ಲುವುದು ಇದೇ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಊರಿನ ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಎರವಲಾಗಿಯೂ ಸಿಕ್ಕೀತು.

## ಹಂತ 1: ಕೀಬೋರ್ಡ್ ಕೇಳುವುದೇನು, ಅಳೆದುಕೊಳ್ಳಿ

ಕೀಬೋರ್ಡ್ ಇನ್ನೂ ಬಿಚ್ಚದೆ, ಸರಿಯಾಗಿ ನುಡಿಯುತ್ತಿರುವಾಗಲೇ ಮಾಡುವ ಕೆಲಸ ಇದು. ಬಹಳ ಜನ ಬಿಡುವ ಹಂತವೂ ಇದೇ.

ಮೂರು ಸಂಗತಿ ಬರೆದಿಟ್ಟುಕೊಳ್ಳಿ: ವೋಲ್ಟೇಜ್, ಧ್ರುವ (ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ), ಆಂಪಿಯರ್. ಮೊದಲೆರಡು ಕೀಬೋರ್ಡಿನ ಹಿಂದೆ ಜ್ಯಾಕ್ ಪಕ್ಕದಲ್ಲಿ ಅಚ್ಚಾಗಿರುತ್ತವೆ. ನಡುವೆ ಒಂದು ಚುಕ್ಕೆ, ಸುತ್ತ ಅರ್ಧ ವೃತ್ತ, ಎರಡು ಕಡೆ ಪ್ಲಸ್ ಮತ್ತು ಮೈನಸ್ ಇರುವ ಚಿತ್ರ. ಚುಕ್ಕೆಗೆ ಸೇರಿದ ಗುರುತೇ ಪಿನ್ನಿನ ಒಳಭಾಗದ ಧ್ರುವ. ಯಮಹಾದ ಪಿಎ-150 ಅಡಾಪ್ಟರ್ 12 ವೋಲ್ಟ್, ನಡುವೆ ಪ್ಲಸ್. ಕ್ಯಾಸಿಯೊದ ಹಳೆಯ ಎಡಿ-5 ಅಡಾಪ್ಟರ್ 9 ವೋಲ್ಟ್, ನಡುವೆ ಮೈನಸ್. ಎರಡೂ ಪಿನ್ ನೋಡಲು ಒಂದೇ ತರಹ ಇರುತ್ತವೆ. ಒಂದರ ಕೀಬೋರ್ಡಿಗೆ ಇನ್ನೊಂದರ ಸಪ್ಲೈ ಹಾಕಿ ಸುಟ್ಟವರು ಎಷ್ಟೋ ಜನ. ಹಾಗಾಗಿ ಚಿತ್ರ ನೋಡಿ ಸುಮ್ಮನಾಗದೆ, ಈಗ ಬಳಸುತ್ತಿರುವ ಅಡಾಪ್ಟರಿನ ಪಿನ್ನಿಗೇ ಮೀಟರ್ ಹಿಡಿಯಿರಿ. ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗೆ. ಓದಿನ ಮುಂದೆ ಮೈನಸ್ ಚಿಹ್ನೆ ಬಂದರೆ ನಡುವೆ ಮೈನಸ್ ಎಂದರ್ಥ.

ಹಳೆಯ, ತೂಕದ, ಟ್ರಾನ್ಸ್‌ಫಾರ್ಮರ್ ಇರುವ 9 ವೋಲ್ಟ್ ಅಡಾಪ್ಟರ್ ಖಾಲಿ ಅಳೆದಾಗ 12, 13 ವೋಲ್ಟ್ ತೋರಿಸುತ್ತದೆ. ಅದು ಕೆಟ್ಟಿಲ್ಲ, ಲೋಡ್ ಬಿದ್ದಾಗ ಇಳಿಯುತ್ತದೆ. ಆ ಓದು ನೋಡಿ ಕೀಬೋರ್ಡಿಗೆ 12 ವೋಲ್ಟ್ ಸಪ್ಲೈ ತರಬೇಡಿ. ಕೀಬೋರ್ಡಿನ ಮೈಮೇಲೆ ಅಚ್ಚಾದ ಸಂಖ್ಯೆಯೇ ಕೊನೆಯ ಮಾತು.

ಆಂಪಿಯರ್ ಅಳೆಯಲು ಸಿಸಿಟಿವಿ ಕೆಲಸದವರು ಬಳಸುವ, ಸ್ಕ್ರೂ ಇರುವ ಡಿಸಿ ಪಿನ್ ಮತ್ತು ಸಾಕೆಟ್ ಒಂದೊಂದು ತನ್ನಿ. ನಡುವೆ ಒಂದು ತಂತಿಯನ್ನು ನೇರ ಜೋಡಿಸಿ, ಇನ್ನೊಂದರಲ್ಲಿ ಮೀಟರನ್ನು 10 ಆಂಪಿಯರ್ ತೂತಿನ ಮೂಲಕ ಸೇರಿಸಿ. ದನಿ ಪೂರ್ತಿ ಏರಿಸಿ, ರಿದಮ್ ಹಾಕಿ, ಎರಡೂ ಕೈಯಲ್ಲಿ ತುಂಬು ಸ್ವರ ಒತ್ತಿ ಹಿಡಿಯಿರಿ. ಮೀಟರ್ ತೋರಿಸುವ ಗರಿಷ್ಠ ಸಂಖ್ಯೆ ಬರೆದುಕೊಳ್ಳಿ. ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಅದನ್ನು ಮರೆತು ಮುಂದಿನ ಸಲ ವೋಲ್ಟೇಜ್ ಅಳೆಯಲು ಹೋದರೆ ಸಪ್ಲೈಯನ್ನು ನೇರ ಶಾರ್ಟ್ ಮಾಡಿದಂತಾಗುತ್ತದೆ.

ಹೊಸ ಸಪ್ಲೈಯ ಸಾಮರ್ಥ್ಯ, ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಮತ್ತು ನೀವು ಅಳೆದದ್ದು, ಇವೆರಡರಲ್ಲಿ ದೊಡ್ಡದಕ್ಕಿಂತ ಕಾಲುಭಾಗವಾದರೂ ಹೆಚ್ಚಿರಬೇಕು. ಅದಕ್ಕೂ ಹೆಚ್ಚಿದ್ದರೆ ಕೀಬೋರ್ಡಿಗೆ ತೊಂದರೆಯಿಲ್ಲ, ತನಗೆ ಬೇಕಾದಷ್ಟನ್ನೇ ಅದು ಎಳೆದುಕೊಳ್ಳುತ್ತದೆ. ಹೆಚ್ಚಾಗಬಾರದ್ದು ವೋಲ್ಟೇಜ್.

ಇನ್ನೊಂದು ಕೆಲಸ: ಹೆಡ್‌ಫೋನ್ ಹಾಕಿ, ಏನೂ ನುಡಿಸದೆ, ದನಿ ಪೂರ್ತಿ ಏರಿಸಿ ಕೇಳಿ. ಈಗ ಎಷ್ಟು ಸುಯ್ಗುಡುತ್ತಿದೆ ಎಂಬುದನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಕೆಲಸ ಮುಗಿದ ಮೇಲೆ ಹೋಲಿಸಲು ಬೇರೆ ಆಧಾರ ಇರುವುದಿಲ್ಲ.

## ಹಂತ 2: ಯಾವ ದಾರಿ?

ಮೊದಲ ದಾರಿ: ಅಡಾಪ್ಟರನ್ನು ಇಡಿಯಾಗಿ ಒಳಗಿಡುವುದು. ಗೋಡೆಗೆ ಚುಚ್ಚುವ ಅಡಾಪ್ಟರ್ ಅಲ್ಲ, ಇಟ್ಟಿಗೆಯಂತೆ ಉದ್ದಗಿದ್ದು, ಒಂದು ತುದಿಯಲ್ಲಿ ಎಂಟರ ಆಕಾರದ ಸಾಕೆಟ್ ಇರುವಂಥದ್ದು. ಕೀಬೋರ್ಡಿನ ಹಿಂಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಅಡಾಪ್ಟರಿನ ಸಾಕೆಟ್ ತುದಿ ಅದರಲ್ಲಿ ಕಾಣುವಂತೆ ಕೂರಿಸಿದರೆ ಆಯಿತು. ಅದರ ಚಿಪ್ಪು ಒಡೆಯುವುದಿಲ್ಲ, ಒಂದೇ ಒಂದು ಮೇನ್ಸ್ ತಂತಿಯನ್ನೂ ನೀವು ಮುಟ್ಟುವುದಿಲ್ಲ. ತಯಾರಕರು ಕೊಟ್ಟ ಎರಡು ಪದರದ ರಕ್ಷಣೆ ಹಾಗೇ ಉಳಿಯುತ್ತದೆ. ಜಾಗ ಸಿಕ್ಕರೆ ನಾನು ಯಾವಾಗಲೂ ಇದನ್ನೇ ಮಾಡುತ್ತೇನೆ. 1.5 ಆಂಪಿಯರ್ ಬೇಕಾದ ಕೀಬೋರ್ಡಿಗೆ 3 ಆಂಪಿಯರಿನ ಅಡಾಪ್ಟರ್ ತನ್ನಿ, ಮುಚ್ಚಿದ ಪೆಟ್ಟಿಗೆಯಲ್ಲಿ ಅರ್ಧ ಲೋಡಿನಲ್ಲಿ ಅದು ತಣ್ಣಗಿರುತ್ತದೆ. ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲೇಬೇಕು.

ಎರಡನೇ ದಾರಿ: ಮುಚ್ಚಿದ ಎಸಿ-ಡಿಸಿ ಮಾಡ್ಯೂಲ್. ಇಟ್ಟಿಗೆ ಹಿಡಿಸದ ಸಣ್ಣ ಕೀಬೋರ್ಡುಗಳಿಗೆ ಇದು. ರಾಳದಲ್ಲಿ ಪೂರ್ತಿ ಮುಳುಗಿಸಿ ಮುಚ್ಚಿದ ಮಾಡ್ಯೂಲ್ ಮಾತ್ರ ತನ್ನಿ. ಉದಾಹರಣೆಗೆ ಮೀನ್ ವೆಲ್ ಕಂಪನಿಯ ಐಆರ್‌ಎಂ-20-12 ಎಂಬುದು 12 ವೋಲ್ಟ್, 1.8 ಆಂಪಿಯರ್ ಕೊಡುತ್ತದೆ. ಅರ್ಥಿಂಗ್ ಬೇಕಿಲ್ಲದ ಕ್ಲಾಸ್ 2 ರಚನೆ ಅದರದ್ದು. ನಮ್ಮ ಕೆಲಸಕ್ಕೆ ಇದು ದೊಡ್ಡ ವಿಷಯ. ಪೆಂಡಾಲ್‌ಗಳಲ್ಲಿ, ಜಾತ್ರೆ ವೇದಿಕೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥಿಂಗ್ ತಂತಿಯೇ ಇರದೆ ಹೋಗಬಹುದು. ನುಡಿಸುವವರ ಜೀವ ಆ ತಂತಿಯನ್ನು ನೆಚ್ಚಿಕೊಂಡಿರುವಂತೆ ನಾವು ಮಾಡಬಾರದು.

ಮಾಡ್ಯೂಲಿನ ಹೆಸರಿನ ಕೊನೆಯಲ್ಲಿ 'ಎಸ್‌ಟಿ' ಇದ್ದರೆ ಅದಕ್ಕೆ ಸ್ಕ್ರೂ ಟರ್ಮಿನಲ್ ಇದೆ ಎಂದರ್ಥ. ಸ್ವಲ್ಪ ಉದ್ದವಾದರೂ ಅದನ್ನೇ ಕೊಳ್ಳಿ. ಪಿನ್ ಇರುವ ಮಾಡ್ಯೂಲನ್ನು ಚುಕ್ಕೆ ಚುಕ್ಕೆ ತೂತಿನ ಬೋರ್ಡಿಗೆ ಬೆಸೆದು ತರುತ್ತಾರೆ. ಆ ಬೋರ್ಡಿನ ತಾಮ್ರದ ಚುಕ್ಕೆಗಳ ನಡುವೆ ಇರುವುದು ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ಅಂತರ. 230 ವೋಲ್ಟಿನ ಭಾಗಕ್ಕೂ ಡಿಸಿ ಭಾಗಕ್ಕೂ ನಡುವೆ ನಾನು 8 ಮಿಲಿಮೀಟರ್ ಬಿಡುತ್ತೇನೆ.

9 ವೋಲ್ಟ್ ಬೇಕಾದವರು 9 ವೋಲ್ಟಿನದೇ ಮಾಡ್ಯೂಲ್ ಹುಡುಕಿ. 12 ವೋಲ್ಟ್ ಮಾಡ್ಯೂಲ್ ತಂದು, ಎಲ್‌ಎಂ2596 ಇರುವ ಪುಟ್ಟ ಬೋರ್ಡಿನಿಂದ ಇಳಿಸಿಕೊಳ್ಳುವುದು ಅಗ್ಗದ ಉಪಾಯ, ನಿಜ. ಆದರೆ ಆ ಐಸಿ ಶಾರ್ಟ್ ಆಗಿ ಕೆಟ್ಟರೆ 12 ವೋಲ್ಟ್ ನೇರವಾಗಿ ಕೀಬೋರ್ಡಿಗೆ ನುಗ್ಗುತ್ತದೆ. ವೋಲ್ಟೇಜ್ ತಿರುಗಿಸುವ ಅದರ ಪುಟ್ಟ ಸ್ಕ್ರೂ ಸಾಗಾಟದ ಅದುರಿಗೆ ಸರಿದಾಡುವುದೂ ಉಂಟು.

ಅಗ್ಗದ ಅಡಾಪ್ಟರಿನ ಚಿಪ್ಪು ಒಡೆದು ಬೋರ್ಡ್ ತೆಗೆಯುವುದು ಮೂರನೇ ದಾರಿ ಎಂದು ಕೆಲವರು ಹೇಳುತ್ತಾರೆ. ಬೇಡ. ಆ ಬೋರ್ಡಿಗೆ ರಕ್ಷಣೆ ಇದ್ದದ್ದೇ ಆ ಚಿಪ್ಪಿನಿಂದ.

## ಹಂತ 3: ಬಿಚ್ಚುವುದು

ಬ್ಯಾಟರಿ ತೆಗೆಯಿರಿ. ದಪ್ಪ ಬೆಡ್‌ಶೀಟ್ ಹಾಸಿ, ಎರಡು ತುದಿಗೆ ಸುತ್ತಿದ ಟವೆಲ್ ಇಟ್ಟು, ಕೀಬೋರ್ಡನ್ನು ಅದರ ಮೇಲೆ ಬೋರಲು ಹಾಕಿ. ಭಾರ ಟವೆಲ್ ಮೇಲೆ ಬೀಳಬೇಕು, ನುಡಿಸುವ ಮನೆಗಳ (ಕೀಗಳ) ಮೇಲಲ್ಲ. ಸ್ಕ್ರೂಗಳು ಎರಡು ಮೂರು ಉದ್ದದಲ್ಲಿರುತ್ತವೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಮೇಲ್ಮೈ ತೂತಾಗಿ ಹೊರಬರುತ್ತದೆ. ರಟ್ಟಿನ ಮೇಲೆ ಕೀಬೋರ್ಡಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದರ ಜಾಗದಲ್ಲೇ ಚುಚ್ಚಿಡಿ.

ಕೆಳಭಾಗವನ್ನು ಒಮ್ಮೆಲೇ ಎತ್ತಬೇಡಿ. ಒಳಗೆ ಎರಡು ಭಾಗಕ್ಕೂ ಸೇರಿದ ಚಪ್ಪಟೆ ರಿಬ್ಬನ್ ಕೇಬಲ್, ಸ್ಪೀಕರ್ ಮತ್ತು ಬ್ಯಾಟರಿಯ ವೈರ್ ಇರುತ್ತವೆ. ನಾಲ್ಕು ಬೆರಳು ಎತ್ತಿ, ಟಾರ್ಚ್ ಬಿಟ್ಟು ನೋಡಿ, ಫೋಟೊ ತೆಗೆದು, ಆಮೇಲೆ ಕಳಚಿ.

## ಹಂತ 4: ಜಾಗ ಗೊತ್ತುಮಾಡುವುದು

ಬ್ಯಾಟರಿ ಬಾಕ್ಸೇ ಎಲ್ಲರ ಕಣ್ಣಿಗೆ ಮೊದಲು ಬೀಳುವುದು. ಅದರಲ್ಲಿ ಯಾವ ಸೆಲ್ ಕೂರುತ್ತಿತ್ತು ಎಂದು ನೋಡಿ. ದಪ್ಪ ಟಾರ್ಚ್ ಸೆಲ್ಲಿನ ಬಾಕ್ಸ್ ಆಗಿದ್ದರೆ ಅದರ ಆಳ 34 ಮಿಲಿಮೀಟರಿನಷ್ಟು ಇರುತ್ತದೆ, ಮಾಡ್ಯೂಲ್ ಸುಖವಾಗಿ ಕೂರುತ್ತದೆ. ಈಚಿನ ಕೀಬೋರ್ಡುಗಳಲ್ಲಿ ಪೆನ್ ಸೆಲ್ಲಿನ ಬಾಕ್ಸ್ ಇದ್ದು, ಆಳ 15 ಮಿಲಿಮೀಟರಿನ ಆಸುಪಾಸು. 24 ಮಿಲಿಮೀಟರ್ ಎತ್ತರದ ಮಾಡ್ಯೂಲ್ ಅಲ್ಲಿ ಹಿಡಿಸುವುದಿಲ್ಲ. ಇದನ್ನು ನೋಡದೆ ಸಾಮಾನು ತಂದು ಕೈಕಟ್ಟಿ ಕೂತವರಿದ್ದಾರೆ. ಅಂಥಲ್ಲಿ ಸ್ಪೀಕರ್ ಪಕ್ಕದ ಮೂಲೆ ನೋಡಿ.

ಜಾಗ ಎಲ್ಲೇ ಆಗಲಿ, ಮುಖ್ಯ ಬೋರ್ಡಿನಿಂದ, ಅದಕ್ಕಿಂತ ಮುಖ್ಯವಾಗಿ ಹೆಡ್‌ಫೋನ್ ಮತ್ತು ಲೈನ್ ಔಟ್ ಜ್ಯಾಕ್‌ಗಳಿಂದ ಆದಷ್ಟು ದೂರದ ತುದಿಯನ್ನು ಆರಿಸಿ. ಆಡಿಯೊ ವೈರ್ ಪಕ್ಕದಲ್ಲೇ ಮೇನ್ಸ್ ತಂತಿ ಹೋದರೆ ಗುಂಯ್‌ಗುಡುವುದನ್ನು ಆಮೇಲೆ ಯಾವ ಫಿಲ್ಟರೂ ನಿಲ್ಲಿಸದು. ಮುಚ್ಚಳ ಹಾಕಿದಾಗ ಮೇಲಿನ ಭಾಗದ ಕಂಬಗಳು ಎಲ್ಲಿ ಇಳಿಯುತ್ತವೆ ಎಂದು ತಿಳಿಯಲು, ಮಾಡ್ಯೂಲ್ ಇಡುವ ಕಡೆ ಚಪಾತಿ ಹಿಟ್ಟಿನ ಉಂಡೆ ಇಟ್ಟು ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ಚಪ್ಪಟೆಯಾಗಿದೆಯೋ ಅಷ್ಟೇ ನಿಮಗೆ ಸಿಗುವ ಎತ್ತರ.

## ಹಂತ 5: ಹಿಂಗೋಡೆಯಲ್ಲಿ ಕಿಂಡಿ

ಸಾಕೆಟ್ ಕೈಯಲ್ಲಿ ಹಿಡಿದೇ ಗುರುತು ಹಾಕಿ. ಚಿತ್ರದ ಅಳತೆ ನಂಬಬೇಡಿ. ಪೇಪರ್ ಟೇಪ್ ಅಂಟಿಸಿ, ಅದರ ಮೇಲೆ ಗೆರೆ ಎಳೆದು, ಗೆರೆಯ ಒಳಗೆ ಸಣ್ಣ ಸಣ್ಣ ತೂತು ಸಾಲಾಗಿ ಕೊರೆದು, ನಡುವಿನದನ್ನು ಕಿತ್ತು, ಅರದಿಂದ ಗೆರೆವರೆಗೆ ಉಜ್ಜಿ. ಕಾಯಿಸಿದ ಚಾಕುವಿನಿಂದ ಕೊಯ್ದರೆ ಅಂಚು ಉಬ್ಬಿ ಸಾಕೆಟ್ ಸರಿಯಾಗಿ ಕೂರುವುದಿಲ್ಲ.

ಒತ್ತಿದರೆ ಕೂರುವ ಕ್ಲಿಪ್ ಮಾದರಿಯ ಸಾಕೆಟ್ ಬೇಡ. ಕೀಬೋರ್ಡಿನ ಗೋಡೆ ತೆಳು, ವೈರನ್ನು ನಾಲ್ಕು ಸಲ ಎಳೆದರೆ ಸಾಕೆಟ್ಟೇ ಒಳಕ್ಕೋ ಹೊರಕ್ಕೋ ಬರುತ್ತದೆ. ಎರಡು ಸ್ಕ್ರೂ ಇರುವ, ಎಂಟರ ಆಕಾರದ ಸಾಕೆಟ್ ತಂದು, ಒಳಗಡೆಯಿಂದ ಹೈಲಂ ಶೀಟಿನ (ಕರೆಂಟ್ ಹರಿಯದ ಗಟ್ಟಿ ಹಾಳೆ) ತುಂಡನ್ನು ಬೆನ್ನಿಗೆ ಕೊಟ್ಟು, ನಟ್ ಬಿಗಿಯಿರಿ. ಮೊದಲ ದಾರಿಯವರು ಇಟ್ಟಿಗೆ ಅಡಾಪ್ಟರಿನ ಸಾಕೆಟ್ ತುದಿ ಗೋಡೆಗೆ ಒತ್ತಿ ನಿಲ್ಲುವಂತೆ ಹಿಂದೆ ಒಂದು ಅಡ್ಡಪಟ್ಟಿ ಕೂರಿಸಿ. ಪ್ಲಗ್ ಚುಚ್ಚುವಾಗ ಬೀಳುವ ಒತ್ತಡ ಆ ಪಟ್ಟಿಗೆ ಹೋಗಬೇಕು. ಡಬಲ್ ಟೇಪ್ ಮತ್ತು ಗ್ಲೂ ಗನ್ ಅಂಟು ಬಿಸಿಗೆ ಬಿಟ್ಟುಕೊಳ್ಳುತ್ತವೆ. ಈ ದಾರಿಯವರು ಮುಂದಿನ ಹಂತ ಬಿಟ್ಟು ಏಳಕ್ಕೆ ಹೋಗಿ, ಅಲ್ಲೂ ಸೀರೀಸ್ ಬೋರ್ಡಿನ ಮಾತು ಬಿಟ್ಟು ಲೋಡ್ ಪರೀಕ್ಷೆಯನ್ನಷ್ಟೇ ಮಾಡಿ.

## ಹಂತ 6: ಮೇನ್ಸ್ ಭಾಗ

ಇದೊಂದು ಹಂತದಲ್ಲಿ ಅವಸರ ಬೇಡ. ಬೆಳಕಿರುವ ಹೊತ್ತಿನಲ್ಲಿ, ಯಾರೂ ಕರೆಯದ ಹೊತ್ತಿನಲ್ಲಿ ಮಾಡಿ.

ಕೀಬೋರ್ಡಿನ ಪ್ಲಾಸ್ಟಿಕ್ ಮೇನ್ಸ್ ಇಟ್ಟುಕೊಳ್ಳಲೆಂದು ಮಾಡಿದ್ದಲ್ಲ, ಕಿಡಿ ತಾಗಿದರೆ ಹತ್ತಿಕೊಳ್ಳಬಹುದು. ಆದ್ದರಿಂದ ಮಾಡ್ಯೂಲ್ ಮತ್ತು ಫ್ಯೂಸ್ ಎರಡೂ ವೈರಿಂಗ್ ಕೆಲಸಕ್ಕೆ ಬಳಸುವ, ಮುಚ್ಚಳವಿರುವ ಸಣ್ಣ ಜಂಕ್ಷನ್ ಬಾಕ್ಸಿನೊಳಗೆ ಹೋಗಬೇಕು. ಆ ಬಾಕ್ಸನ್ನು ಕೀಬೋರ್ಡಿನ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿ. ಸ್ಕ್ರೂ ನೈಲಾನಿನದಾಗಿರಲಿ. ಕಬ್ಬಿಣದ್ದಾದರೆ ತಳದಿಂದ ಅದರ ತಲೆ ಮುಟ್ಟಲು ಸಿಗುತ್ತದೆ, ಒಳಗೆ ತಂತಿ ಬಿಚ್ಚಿ ಅದಕ್ಕೆ ತಾಗಿದರೆ ತಳವೇ ಕರೆಂಟು ಹೊಡೆಯುತ್ತದೆ.

ಕರೆಂಟ್ ಹರಿಯುವ ಕ್ರಮ ಹೀಗಿರಲಿ: ಸಾಕೆಟ್, ಸ್ವಿಚ್, ಫ್ಯೂಸ್, ಮಾಡ್ಯೂಲ್. ಸ್ವಿಚ್ ನಾಲ್ಕು ಕಾಲಿನದಾಗಿರಬೇಕು, ಅಂದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವಂಥದ್ದು. ಎಂಟರ ಆಕಾರದ ಪ್ಲಗ್ಗನ್ನು ತಿರುಗಿಸಿಯೂ ಚುಚ್ಚಬಹುದು, ಆಗ ಫೇಸ್ ಯಾವ ತಂತಿಯಲ್ಲಿ ಬಂತೆಂದು ಗೊತ್ತಾಗದು. ದೀಪ ಇರುವ ಮೂರು ಕಾಲಿನ ಸ್ವಿಚ್ ಒಂದೇ ತಂತಿಯನ್ನು ಕತ್ತರಿಸುತ್ತದೆ, ಇಲ್ಲಿಗೆ ಅದು ಬೇಡ. ಕೀಬೋರ್ಡಿನ ಸ್ವಂತ ಪವರ್ ಬಟನ್ ಡಿಸಿ ಕಡೆಯದು. ಅದನ್ನು ಆರಿಸಿದರೂ ಮಾಡ್ಯೂಲಿಗೆ ಮೇನ್ಸ್ ಹೋಗುತ್ತಲೇ ಇರುತ್ತದೆ. ಹಿಂದಿನ ಈ ಸ್ವಿಚ್ ಅದಕ್ಕಾಗಿಯೇ ಬೇಕು.

ಫ್ಯೂಸ್ 250 ವೋಲ್ಟಿನ, 1 ಆಂಪಿಯರಿನ, ನಿಧಾನಕ್ಕೆ ಹೋಗುವ ಗಾಜಿನ ಫ್ಯೂಸ್. ಅದರ ಮುಚ್ಚಳದ ಮೇಲೆ 'ಟಿ' ಅಕ್ಷರ ಇರುತ್ತದೆ. ಬೇಗ ಹೋಗುವ 'ಎಫ್' ಫ್ಯೂಸ್ ಹಾಕಿದರೆ ಆನ್ ಮಾಡಿದ ಕ್ಷಣದ ನುಗ್ಗಿಗೇ ಸುಟ್ಟು, ಮಾಡ್ಯೂಲ್ ಕೆಟ್ಟಿದೆ ಎಂದು ನೀವು ಹುಡುಕಾಡುತ್ತೀರಿ.

ತಂತಿ 0.75 ಚದರ ಮಿಲಿಮೀಟರಿನದು. ಸ್ವಿಚ್ ಮತ್ತು ಸಾಕೆಟ್ಟಿನ ಕಾಲುಗಳಿಗೆ ತಂತಿಯನ್ನು ಮೊದಲು ಕೊಕ್ಕೆಯಂತೆ ತೂತಿನಲ್ಲಿ ಸಿಕ್ಕಿಸಿ, ಆಮೇಲೆ ಬೆಸುಗೆ ಹಾಕಿ. ಬೆಸುಗೆ ಬಿಟ್ಟರೂ ತಂತಿ ಬೀಳಬಾರದು. ಪ್ರತಿ ಕಾಲಿಗೂ ಸ್ಲೀವ್ ಹಾಕಿ. ಸ್ಲೀವನ್ನು ಬೆಸುಗೆಗಿಂತ ಮೊದಲೇ ತಂತಿಗೆ ಪೋಣಿಸಬೇಕು. ಅದನ್ನು ಮರೆತು ಆಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತುತ್ತಾರೆ, ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ತುದಿಗೆ ಮಾತ್ರ ಬೆಸುಗೆ ಹಾಕಬೇಡಿ. ಸೀಸ ಒತ್ತಡಕ್ಕೆ ತಗ್ಗಿ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಎಳೆ ತಂತಿಗೆ ಲೋಹದ ತೊಟ್ಟಿನಂಥ ಫೆರೂಲ್ ಒತ್ತಿ ಸೇರಿಸಿ.

ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಒಂದಕ್ಕೊಂದು ಹುರಿಮಾಡಿ ಒಯ್ಯಿರಿ. ಹಮ್ಮಿಂಗ್ ಕಡಿಮೆಯಾಗುತ್ತದೆ. ಬಾಕ್ಸಿನೊಳಗೆ ಹೋಗುವ ಕಡೆ ಕೇಬಲ್ ಟೈ ಕಟ್ಟಿ, ಎಳೆದರೆ ಟರ್ಮಿನಲ್‌ಗೆ ಭಾರ ಬೀಳದಂತೆ ಮಾಡಿ.

## ಹಂತ 7: ಒಂಟಿ ಪರೀಕ್ಷೆ

ಕೀಬೋರ್ಡಿಗೆ ಇನ್ನೂ ಸಂಬಂಧವಿಲ್ಲ. ಪ್ಲಗ್ ಚುಚ್ಚದೆ ಮೊದಲು ಮೀಟರನ್ನು ಮೆಗಾಓಮಿಗೆ ಇಟ್ಟು, ಸಾಕೆಟ್ಟಿನ ಒಂದೊಂದು ಪಿನ್ನಿನಿಂದಲೂ ಡಿಸಿ ತಂತಿಗಳಿಗೆ ಅಳೆಯಿರಿ. ಸ್ವಿಚ್ ಆನ್ ಇರಲಿ. ಯಾವ ಓದೂ ಬರಬಾರದು. ಎಲೆಕ್ಟ್ರಿಷಿಯನ್ ಬಳಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇದ್ದರೆ ಅದರಲ್ಲೂ ನೋಡಿಸಿ.

ಜಂಕ್ಷನ್ ಬಾಕ್ಸಿನ ಮುಚ್ಚಳ ಹಾಕಿ. ಸೀರೀಸ್ ಬೋರ್ಡ್ ಮೂಲಕ, ಲೋಡ್ ಇಲ್ಲದೆ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಬೆಳಗುತ್ತಲೇ ನಿಂತರೆ ಎಲ್ಲೋ ಶಾರ್ಟ್ ಇದೆ. ಪ್ಲಗ್ ಕಿತ್ತು, ಒಂದು ನಿಮಿಷ ಕಾದು, ಹುಡುಕಿ. ಬಲ್ಬ್ ಆರಿದ ಮೇಲೆ ಡಿಸಿ ವೋಲ್ಟೇಜ್ ಮತ್ತು ಧ್ರುವ ನೋಡಿ. ಪ್ಲಸ್ ತಂತಿಗೆ ಅಲ್ಲೇ ಕೆಂಪು ಸ್ಲೀವ್ ಹಾಕಿ ಗುರುತು ಮಾಡಿ.

ಈಗ ಸೀರೀಸ್ ಬೋರ್ಡ್ ಬಿಟ್ಟು ನೇರ ಸಾಕೆಟ್ಟಿಗೆ ಬನ್ನಿ. 10 ಓಮ್ ರೆಸಿಸ್ಟರನ್ನು ನೆಲದ ಟೈಲ್ಸ್ ಮೇಲಿಟ್ಟು ಡಿಸಿ ತುದಿಗೆ ಜೋಡಿಸಿ. ಅದು ಕೈಸುಡುವಷ್ಟು ಕಾಯುತ್ತದೆ, ಮುಟ್ಟಬೇಡಿ. 12 ವೋಲ್ಟಿನ ಮಾಡ್ಯೂಲ್ 11.7ರಿಂದ 12.3ರ ಒಳಗೆ ನಿಲ್ಲಬೇಕು. ಲೋಡ್ ಹಾಕಿದ ಕೂಡಲೇ ಅರ್ಧ ವೋಲ್ಟಿಗಿಂತ ಹೆಚ್ಚು ಬಿದ್ದರೆ, ಅಥವಾ ಓದು ಏರಿಳಿಯುತ್ತಾ ಟಿಕ್ ಟಿಕ್ ಸದ್ದು ಬಂದರೆ ಆ ಮಾಡ್ಯೂಲ್ ನಿಮ್ಮ ಕೆಲಸಕ್ಕಲ್ಲ. ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಪ್ಲಗ್ ಕಿತ್ತು, ಒಂದು ನಿಮಿಷ ಕಾದು, ಮಾಡ್ಯೂಲಿನ ಮೈಮೇಲೆ ಬೆರಳ ಹಿಂಭಾಗ ಇಡಿ. ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಬಿಸಿ ಜಾಸ್ತಿಯಾಗಿದೆ. ಬಾಕ್ಸಿನ ಎರಡು ಬದಿಗೆ ಕಡ್ಡಿ ಹೋಗದಷ್ಟು ಸಣ್ಣ ತೂತುಗಳನ್ನು ಕೊರೆಯಿರಿ, ಇಲ್ಲವೇ ಹೆಚ್ಚು ಸಾಮರ್ಥ್ಯದ ಮಾಡ್ಯೂಲಿಗೆ ಹೋಗಿ.

## ಹಂತ 8: ಡಿಸಿ ಜೋಡಣೆ

ಇಲ್ಲಿ ಎರಡು ಪ್ರಶ್ನೆ. ಎಲ್ಲಿಗೆ ಜೋಡಿಸಬೇಕು? ಹಳೆಯ ಜ್ಯಾಕ್ ಮತ್ತು ಬ್ಯಾಟರಿ ವೈರನ್ನು ಏನು ಮಾಡಬೇಕು?

ಜೋಡಿಸಬೇಕಾದದ್ದು ಹಳೆಯ ಅಡಾಪ್ಟರ್ ಜ್ಯಾಕಿನ ಬೆಸುಗೆ ಕಾಲುಗಳಿಗೆ. ಹತ್ತಿರ ಸಿಗುತ್ತದೆಂದು ಬ್ಯಾಟರಿ ಟರ್ಮಿನಲ್‌ಗೆ ಕೊಡಬೇಡಿ. ಆ ದಾರಿ ಆರು ಸೆಲ್ಲಿನ 9 ವೋಲ್ಟಿಗೆಂದು ಇಟ್ಟದ್ದು, 12 ವೋಲ್ಟನ್ನು ಅದು ಹೊರುತ್ತದೆಂದು ಭರವಸೆಯಿಲ್ಲ. ಜ್ಯಾಕಿಗೆ ಮೂರು ಕಾಲಿರುತ್ತವೆ: ಒಂದು ನಡುವಿನ ಪಿನ್ನಿನದು, ಒಂದು ಹೊರಗಿನದು, ಮೂರನೆಯದು ಪಿನ್ ಚುಚ್ಚಿದಾಗ ಬ್ಯಾಟರಿಯನ್ನು ಬಿಡಿಸುವ ಸ್ವಿಚ್ಚಿನದು. ಖಾಲಿ ಜ್ಯಾಕಿನಲ್ಲಿ ಹೊರಗಿನ ಕಾಲೂ ಮೂರನೆಯದೂ ಒಂದಕ್ಕೊಂದು ತಾಗಿರುತ್ತವೆ, ಪಿನ್ ಚುಚ್ಚಿದರೆ ಬೇರೆಯಾಗುತ್ತವೆ. ಊಹಿಸಬೇಡಿ. ಹಳೆಯ ಅಡಾಪ್ಟರ್ ಪಿನ್ ಚುಚ್ಚಿ, ಕರೆಂಟ್ ಕೊಟ್ಟು, ಯಾವ ಎರಡು ಕಾಲಿನ ನಡುವೆ ಪೂರ್ತಿ ವೋಲ್ಟೇಜ್ ಬರುತ್ತದೆ, ಪ್ಲಸ್ ಯಾವುದು ಎಂದು ಅಳೆದು, ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಹಂತ 1ರ ಟಿಪ್ಪಣಿಯೊಂದಿಗೆ ಅದು ಹೊಂದಬೇಕು. ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಅಡಾಪ್ಟರ್ ಕಿತ್ತು, ಪ್ಲಸ್ ತಂತಿಯ ನಡುವೆ 2 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ದಾಟಿದ ಮೇಲೆ ಪ್ಲಸ್ ಮತ್ತು ಮೈನಸ್ ನಡುವೆ ಒಂದು 1ಎನ್5408 ಡಯೋಡನ್ನು ತಿರುವಾಗಿ, ಅಂದರೆ ಬಿಳಿ ಪಟ್ಟಿ ಪ್ಲಸ್ ಕಡೆಗೆ ಬರುವಂತೆ ಬೆಸೆಯಿರಿ. ಮುಂದೆಂದಾದರೂ ಯಾರಾದರೂ ತಂತಿ ಅದಲುಬದಲು ಮಾಡಿದರೆ ಡಯೋಡ್ ಆ ಕರೆಂಟನ್ನು ತನ್ನ ಮೂಲಕವೇ ಶಾರ್ಟ್ ಮಾಡುತ್ತದೆ, ಫ್ಯೂಸ್ ಹೋಗುತ್ತದೆ ಇಲ್ಲವೇ ಸಪ್ಲೈ ತಾನೇ ನಿಲ್ಲುತ್ತದೆ, ಬೋರ್ಡ್ ಉಳಿಯುತ್ತದೆ. ಕೆಲವೇ ರೂಪಾಯಿಯ ಈ ಡಯೋಡ್ ಇಲ್ಲದ ಕಾರಣಕ್ಕೆ ಆಂಪ್ಲಿಫೈಯರ್ ಐಸಿ ಸುಟ್ಟ ಕೀಬೋರ್ಡ್‌ಗಳನ್ನು ಕೈಯಾರೆ ಬಿಚ್ಚಿದ್ದೇನೆ.

ಬ್ಯಾಟರಿ ಬಾಕ್ಸಿನಿಂದ ಬರುವ ಎರಡೂ ತಂತಿಗಳನ್ನು ಬೋರ್ಡಿನ ಕಡೆಯಿಂದ ಬಿಡಿಸಿ, ತುದಿಗಳಿಗೆ ಬೇರೆ ಬೇರೆಯಾಗಿ ಸ್ಲೀವ್ ಹಾಕಿ. ಜ್ಯಾಕಿಗೆ ಪಿನ್ ಚುಚ್ಚಿಲ್ಲದ ಕಾರಣ ಅದರ ಸ್ವಿಚ್ ಮುಚ್ಚಿಯೇ ಇರುತ್ತದೆ. ತಂತಿ ಬಿಡಿಸದಿದ್ದರೆ, ನಾಳೆ ಯಾರೋ ಸೆಲ್ ಹಾಕಿದಾಗ ನಿಮ್ಮ ಸಪ್ಲೈ ಅವನ್ನು ಚಾರ್ಜ್ ಮಾಡಲು ಹೊರಡಬಹುದು. ಚಾರ್ಜ್ ಆಗಬಾರದ ಸೆಲ್‌ಗಳು ಕಾದು, ಉಬ್ಬಿ, ಒಡೆದು ರಸ ಕಕ್ಕುತ್ತವೆ. ಹಳೆಯ ಜ್ಯಾಕಿನ ಬಾಯಿಗೂ ಬಿರಡೆ ಅಂಟಿಸಿ. ಒಳಗಿನ ಸಪ್ಲೈ ಚಾಲೂ ಇರುವಾಗ ಹೊರಗಿನಿಂದಲೂ ಅಡಾಪ್ಟರ್ ಚುಚ್ಚಿದರೆ ಎರಡೂ ಒಂದನ್ನೊಂದು ತಳ್ಳುತ್ತವೆ. ಹಳೆಯ ಜ್ಯಾಕ್ ಆಪತ್ತಿಗೆ ಬೇಕೇ ಬೇಕು ಎನ್ನುವವರು, ಜ್ಯಾಕಿನ ಪ್ಲಸ್ ಕಾಲನ್ನು ಬೋರ್ಡಿನಿಂದ ಬಿಡಿಸಿ, ಎರಡು ಪ್ಲಸ್‌ಗಳಿಗೂ ಒಂದೊಂದು 1ಎನ್5822 ಡಯೋಡ್ ಹಾಕಿ, ಅವುಗಳಾಚೆ ಒಂದುಗೂಡಿಸಿ ಬೋರ್ಡಿಗೆ ಕೊಡಬೇಕು. ಅರ್ಧ ವೋಲ್ಟಿನಷ್ಟು ಕಡಿಮೆಯಾಗುತ್ತದೆ, ಕೀಬೋರ್ಡಿಗೆ ಅದು ಗೊತ್ತಾಗುವುದಿಲ್ಲ.

## ಹಂತ 9: ಮೊದಲ ಸಲ ಆನ್

ಕೊನೆಯ ಬೆಸುಗೆಗೆ ಮೊದಲು ಮತ್ತೊಮ್ಮೆ ಧ್ರುವ ಅಳೆಯಿರಿ. ಬೆಸುಗೆ ಹಾಕಿ, ರಿಬ್ಬನ್‌ಗಳನ್ನು ಜೋಡಿಸಿ, ಮುಚ್ಚಳ ಮುಚ್ಚಿ, ನಾಲ್ಕು ಮೂಲೆಗೆ ಮಾತ್ರ ಸ್ಕ್ರೂ ಹಾಕಿ. ಮೇನ್ಸ್ ಒಳಗಿರುವ ಕೀಬೋರ್ಡನ್ನು ತೆರೆದಿಟ್ಟುಕೊಂಡು ಆನ್ ಮಾಡುವ ಅಭ್ಯಾಸ ಬೇಡವೇ ಬೇಡ.

ದನಿ ಸೊನ್ನೆಯಲ್ಲಿಟ್ಟು ಹಿಂದಿನ ಸ್ವಿಚ್ ಹಾಕಿ, ಆಮೇಲೆ ಮುಂದಿನ ಬಟನ್. ಪರದೆ ಎಂದಿನಂತೆ ಬಂದರೆ ನಿಧಾನ ದನಿ ಏರಿಸಿ. ಗಟ್ಟಿ ಸ್ವರ ಒತ್ತಿದಾಗಲೆಲ್ಲ ಪರದೆ ಮಂಕಾದರೆ, ಅಥವಾ ಕೀಬೋರ್ಡ್ ತಾನಾಗಿ ಆರಿ ಹತ್ತಿದರೆ, ಸಪ್ಲೈಗೆ ಶಕ್ತಿ ಸಾಲುತ್ತಿಲ್ಲ ಇಲ್ಲವೇ ಯಾವುದೋ ಬೆಸುಗೆ ಸರಿಯಾಗಿ ಕರಗಿ ಹಿಡಿಯದೆ ತಣ್ಣಗೆ ಕೂತಿದೆ. ಒಂದು ಗಂಟೆ ರಿದಮ್ ಓಡಿಸಿ, ತಳವನ್ನು ಮುಟ್ಟಿ ನೋಡಿ. ಬೆಚ್ಚಗಿರಬಹುದು, ಅಷ್ಟೇ.

## ಹಂತ 10: ಜುಮ್ಮೆನ್ನುವುದು ಮತ್ತು ಗುಂಯ್‌ಗುಡುವುದು

ಕೆಲಸ ಮುಗಿಸಿದವರು ಆಮೇಲೆ ತರುವ ದೂರು ಇವೆರಡೇ.

ಬರಿಗಾಲಲ್ಲಿ ನಿಂತು ಹೆಡ್‌ಫೋನ್ ಜ್ಯಾಕಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನಬಹುದು. ಕ್ಲಾಸ್ 2 ಸಪ್ಲೈಗಳಲ್ಲಿ ಮೇನ್ಸ್ ಭಾಗಕ್ಕೂ ಡಿಸಿ ಭಾಗಕ್ಕೂ ನಡುವೆ ಗದ್ದಲ ತಡೆಯುವ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ, ಅದರ ಮೂಲಕ ಅತಿ ಸಣ್ಣ ಪ್ರಮಾಣದ ಕರೆಂಟ್ ದಾಟಿ ಬರುತ್ತದೆ. ಇಷ್ಟು ಇರುವುದು ಸಹಜ. ಸಹಜವೋ ಸೋರಿಕೆಯೋ ಎಂದು ಅಳೆದು ತಿಳಿಯಬೇಕು. ಮೂರು ಪಿನ್ನಿನ ಪ್ಲಗ್ ಟಾಪ್ ಒಂದಕ್ಕೆ ಅರ್ಥ್ ಪಿನ್ನಿನಿಂದ ಮಾತ್ರ ಒಂದು ತಂತಿ ತೆಗೆಯಿರಿ, ಉಳಿದೆರಡು ಪಿನ್ನಿಗೆ ಏನೂ ಬೇಡ. ಅರ್ಥಿಂಗ್ ಸರಿಯಿದೆ ಎಂದು ಖಾತ್ರಿಯಿರುವ ಸಾಕೆಟ್ಟಿಗೆ ಅದನ್ನು ಚುಚ್ಚಿ. ಆ ತಂತಿಗೂ ಹೆಡ್‌ಫೋನ್ ಜ್ಯಾಕಿನ ಲೋಹಕ್ಕೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ, ರೆಸಿಸ್ಟರಿನ ಎರಡು ತುದಿಯ ಎಸಿ ವೋಲ್ಟೇಜ್ ಅಳೆಯಿರಿ. 2.5 ವೋಲ್ಟ್ ಎಂದರೆ 0.25 ಮಿಲಿಆಂಪಿಯರ್. ಎರಡು ಪದರ ರಕ್ಷಣೆಯ ಉಪಕರಣಗಳಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ ಅದು. ಅದನ್ನು ದಾಟಿದರೆ ಕೀಬೋರ್ಡ್ ಬಳಸಬೇಡಿ. ರೆಸಿಸ್ಟರ್ ಇಲ್ಲದೆ ಬರಿ ಮೀಟರಿನಲ್ಲಿ ಅಳೆದು, 80, 100 ವೋಲ್ಟ್ ಬಂತೆಂದು ಗಾಬರಿಯಾಗುವವರಿದ್ದಾರೆ. ಬರಿ ಮೀಟರಿನ ಆ ಓದಿನಿಂದ ಏನೂ ತೀರ್ಮಾನಿಸಲಾಗದು.

ಗದ್ದಲದ ವಿಷಯದಲ್ಲಿ ಮೊದಲು ಹೆಡ್‌ಫೋನ್ ಹಾಕಿ, ಹಂತ 1ರ ಧ್ವನಿಮುದ್ರಣಕ್ಕೆ ಹೋಲಿಸಿ. ಹೆಡ್‌ಫೋನಿನಲ್ಲೇ ಹೊಸದಾಗಿ ಕೀಚಲು ಸದ್ದು ಇದ್ದರೆ ದೋಷ ಒಳಗಿದೆ. ಡಿಸಿ ತಂತಿಗಳನ್ನು ಹುರಿಮಾಡಿ, ಫೆರೈಟ್ ಉಂಗುರದಲ್ಲಿ ಮೂರು ನಾಲ್ಕು ಸುತ್ತು ಹಾಕಿ, ಜ್ಯಾಕಿನ ಬಳಿ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಸೇರಿಸಿ. ಅದಕ್ಕಿಂತ ದೊಡ್ಡದು ಹಾಕಿದರೆ ಮಾಡ್ಯೂಲ್ ಶುರುವಾಗಲು ತಿಣುಕುತ್ತದೆ. ಹೆಡ್‌ಫೋನಿನಲ್ಲಿ ಶುಭ್ರವಾಗಿದ್ದು ಮಿಕ್ಸರಿಗೆ ಹಾಕಿದಾಗ ಮಾತ್ರ ಗುಂಯ್‌ಗುಟ್ಟಿದರೆ ಕೀಬೋರ್ಡನ್ನು ಮತ್ತೆ ಬಿಚ್ಚಬೇಡಿ. ಕೀಬೋರ್ಡಿಗೂ ಮಿಕ್ಸರಿಗೂ ನಡುವೆ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸದ್ದನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಹಾಕಿ. ಸದ್ದು ನಿಲ್ಲಿಸಲು ಮಿಕ್ಸರಿನ ಅಥವಾ ಆಂಪ್ಲಿಫೈಯರಿನ ಅರ್ಥ್ ಪಿನ್ ಮುರಿಯುವುದನ್ನು ವೇದಿಕೆಗಳಲ್ಲಿ ಕಂಡಿದ್ದೇನೆ. ಮೈಕ್ ಹಿಡಿದು ಹಾಡುವವರ ಜೀವ ಹೋಗುವುದು ಅಂಥದ್ದರಿಂದಲೇ.

## ಈ ಲಕ್ಷಣ ಕಂಡರೆ ತಕ್ಷಣ ಪ್ಲಗ್ ಕೀಳಿ

ಸುಟ್ಟ ಮೀನಿನಂಥ ವಾಸನೆ. ಪ್ಲಾಸ್ಟಿಕ್ ಇಲ್ಲವೇ ಸಾಕೆಟ್ ಕಾದಾಗ ಬರುವ ವಾಸನೆ ಅದು. ಹಿಂದಿನ ಸಾಕೆಟ್ ಅಲ್ಲಾಡಿಸಿದಾಗ ಚಟಚಟ ಸದ್ದು ಬರುವುದು. ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕತ್ತರಿಸುವ ಸ್ವಿಚ್) ಈ ಕೀಬೋರ್ಡ್ ಹಾಕಿದಾಗ ಮಾತ್ರ ಬೀಳುವುದು. ಫ್ಯೂಸ್ ಎರಡನೇ ಸಲ ಹೋಗುವುದು. ಮೂರನೆಯದನ್ನು ಹಾಕುವ ಮೊದಲು ಕಾರಣ ಹುಡುಕಿ, ದೊಡ್ಡ ಫ್ಯೂಸ್ ಅಥವಾ ತಾಮ್ರದ ಎಳೆ ಹಾಕಬೇಡಿ. ಕೀಬೋರ್ಡಿನೊಳಗೆ ಏನೋ ಉರುಳಾಡುವ ಸದ್ದು ಬಂದರೂ ಅಷ್ಟೇ, ಅದು ಸಡಿಲಾದ ಸ್ಕ್ರೂ ಇರಬಹುದು, ಒಳಗಿರುವುದು ಮೇನ್ಸ್.

ಎಲ್ಲ ಸರಿಯಾದ ಮೇಲೆ ಉಳಿದ ಸ್ಕ್ರೂ ಹಾಕಿ. ತಳದಲ್ಲಿ ಒಂದು ಚೀಟಿ ಅಂಟಿಸಿ: ಒಳಗೆ 230 ವೋಲ್ಟ್ ಇದೆ, ಬಿಚ್ಚುವ ಮೊದಲು ವೈರ್ ಕೀಳಿ, ಫ್ಯೂಸ್ 'ಟಿ' 1 ಆಂಪಿಯರ್, ಸೆಲ್ ಹಾಕಬೇಡಿ, ಕೆಲಸ ಮಾಡಿದ ತಾರೀಕು. ಮುಂದೆ ಇದನ್ನು ಬಿಚ್ಚುವ ರಿಪೇರಿಯವರಿಗೆ ಒಳಗೆ ಇರುವುದು 12 ವೋಲ್ಟ್ ಮಾತ್ರ ಎಂಬ ಅಂದಾಜು ಇರುತ್ತದೆ. ಮೊದಲ ನಾಲ್ಕೈದು ಕಾರ್ಯಕ್ರಮಗಳ ಓಡಾಟ ಮುಗಿದ ಮೇಲೆ ಒಮ್ಮೆ ತೆರೆದು, ಟರ್ಮಿನಲ್ ಸ್ಕ್ರೂಗಳನ್ನು ಇನ್ನೊಂದು ಕಾಲು ಸುತ್ತು ಬಿಗಿ ಮಾಡಿ ಮುಚ್ಚಿ.